‘ನೀವು ಮೊದಲು ಯಾರು?’ — ಒಂದು ಪ್ರಶ್ನೆಯ ವಿಮರ್ಶೆ

2011ರ ಫೆಬ್ರುವರಿಯ ಒಂದು ಮಧ್ಯಾಹ್ನ ಡೊಂಬಿವಲಿಯ ನಮ್ಮ ಮನೆಗೆ ಖಾನೇಸುಮಾರಿಯವರು ಬಂದರು. ಬಂದವರು ಮರಾಠಿ ಶಾಲೆಯ ಒಬ್ಬ ಮಾಸ್ತರರು. ಬಿಸಿಲಿನಲ್ಲಿ ನಾಲ್ಕು ಮಾಳಿಗೆ ಹತ್ತಿ ದಣಿದಿದ್ದರು. ಅವರಿಗೆ ಚಹಾ ಆಗುತ್ತದೋ ಕಾಫಿಯೋ ಕೇಳಿರೆಂದು ನಮ್ಮ ತಾಯಿಯವರು ಅಡಿಗೆಮನೆಯಿಂದಲೇ ತುಳುವಿನಲ್ಲಿ ಕೂಗಿ ಹೇಳಿದರು. ಮಾಸ್ತರರು ಹೆಸರು, ವಯಸ್ಸು, ವಿದ್ಯೆ, ಹುಟ್ಟಿದ ಸ್ಥಳ ಎಲ್ಲವನ್ನೂ ಬರೆದುಕೊಂಡು ಮಾತೃಭಾಷೆಯ ಅಂಕಣಕ್ಕೆ ಬಂದು ಪೆನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ನಾವು ‘ತುಳು’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ತಾಯಿಯವರು ಚಹಾದ ಲೋಟ ಹಿಡಿದು ಹೊರಬಂದು, ಐವತ್ತು ವರ್ಷದ ವಾಸದಲ್ಲಿ ಕಲಿತ ಮರಾಠಿಯಲ್ಲಿ ‘ಆಮ್ಹೀ ಕಾನಡೀ’ ಎಂದುಬಿಟ್ಟರು. ಮಾಸ್ತರರು ಮನೆಯ ಐದೂ ಮಂದಿಗೆ ಕನ್ನಡವೆಂದೇ ಬರೆದು, ಚಹಾ ಕುಡಿದು, ಉಪಕಾರ ಹೇಳಿ ಹೋದರು.

ತಾಯಿಯವರು ಹೇಳಿದ್ದು ಸುಳ್ಳೇ? ಜನಗಣತಿಯ ಕೈಪಿಡಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ತನ್ನ ಮಗುವಿನೊಡನೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆ ಮನೆಯಲ್ಲಿ ಮುಖ್ಯವಾಗಿ ನಡೆಯುತ್ತಿದ್ದ ಭಾಷೆ. ಆ ಲೆಕ್ಕಕ್ಕೆ ನಮ್ಮ ತಾಯಿಯವರ ಮಾತೃಭಾಷೆ ತುಳುವೇ ಹೊರತು ಬೇರೆಯಲ್ಲ. ಅವರು ತಮ್ಮ ತಾಯಿಯೊಡನೆ ಒಂದು ವಾಕ್ಯ ಕನ್ನಡ ಆಡಿದ್ದು ನಮಗೆ ಗೊತ್ತಿಲ್ಲ. ಆದರೆ ಅವರು ಓದಿದ ಶಾಲೆ ಕನ್ನಡದ್ದು, ಊರಿಗೆ ಬರೆದ ಕಾಗದಗಳೆಲ್ಲ ಕನ್ನಡದವು, ದೇವರ ಮುಂದೆ ಹೇಳಿದ ಹಾಡು ಕನ್ನಡದ್ದು, ನಮ್ಮ ಸಂಘದ ಮಹಿಳಾ ವಿಭಾಗದಲ್ಲಿ ವಾದ ಮಾಡಿದ್ದೂ ಕನ್ನಡದಲ್ಲಿಯೇ. ಮಾಸ್ತರರು ಕೇಳಿದ್ದು ‘ನಿಮ್ಮ ನಾಲಿಗೆ ಯಾವುದು’ ಎಂದು. ತಾಯಿಯವರು ಉತ್ತರಿಸಿದ್ದು ‘ನೀವು ಯಾರವರು’ ಎಂಬ ಪ್ರಶ್ನೆಗೆ. ಕೇಳಿದ್ದೊಂದು, ಅಳೆದದ್ದು ಇನ್ನೊಂದು. ಬರೆದ ಕಾಗದದಲ್ಲಿ ಮಾತ್ರ ಎರಡೂ ಒಂದೇ.

ಈ ಲೇಖನಕ್ಕೆ ಪ್ರೇರಣೆ ಅದೇ ಘಟನೆ. ಮನುಷ್ಯನು ತನ್ನನ್ನು ಯಾವ ದೇಶದವನೆಂದು, ಯಾವ ನಾಡಿನವನೆಂದು, ಯಾವ ಪಂಗಡದವನೆಂದು ತಿಳಿದುಕೊಂಡಿದ್ದಾನೆ, ಆ ತಿಳಿವಳಿಕೆ ಎಷ್ಟು ಗಾಢವಾಗಿದೆ ಎಂಬುದನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ಶಾಸ್ತ್ರವೊಂದಿದೆ. ಅದನ್ನು ರಾಜಕೀಯ ಮನಶ್ಶಾಸ್ತ್ರವೆನ್ನುತ್ತಾರೆ. ಅದು ಪಂಡಿತರ ವಿಷಯ, ನಮಗೇಕೆ ಎಂದು ಹೊರನಾಡ ಕನ್ನಡಿಗರು ಪಕ್ಕಕ್ಕಿಡುವ ಹಾಗಿಲ್ಲ. ಅದರ ಅಳತೆಗೋಲು ನಮ್ಮಂಥವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ, ನಮ್ಮಂಥವರ ಹತ್ತಿರವೇ ಹೆಚ್ಚಾಗಿ ತಪ್ಪುತ್ತದೆ.

ಮೊದಲು ನಮ್ಮ ಸರಕಾರದ ಗೋಲನ್ನೇ ನೋಡೋಣ. ಹಿಂದಿನ ಖಾನೇಸುಮಾರಿಗಳು ಈ ಪ್ರಶ್ನೆಯನ್ನು ಒಂದೇ ರೀತಿ ಕೇಳಿದ್ದೂ ಅಲ್ಲ. 1881ರಲ್ಲಿ ಮಾತೃಭಾಷೆ ಎಂದರು, 1891ರಲ್ಲಿ ತಂದೆತಾಯಿಯ ಭಾಷೆ ಎಂದರು, 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ ಎಂದರು. ಮೂರು ಪ್ರಶ್ನೆಗೂ ನಮ್ಮ ಮನೆಯಲ್ಲಿ ಮೂರು ಉತ್ತರ ಬರಬಹುದು. 2011ರಲ್ಲಿ ದೇಶದ ಜನ ಬಾಯಿಬಿಟ್ಟು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಶೋಧಿಸಿ 1,369ಕ್ಕೆ ಇಳಿಸಿದರು. ಅವುಗಳನ್ನೂ ಗುಂಪು ಕಟ್ಟಿ, ಹತ್ತು ಸಾವಿರಕ್ಕೆ ಕಡಿಮೆ ಜನರಾಡುವ ಭಾಷೆಗಳನ್ನು ಬದಿಗಿಟ್ಟು, 121 ಭಾಷೆಗಳೆಂದು ಪ್ರಕಟಿಸಿದರು. ಭೋಜಪುರಿ ಆಡುವವನು ಹಿಂದಿಯ ಮೊತ್ತದೊಳಗೆ ಕರಗಿದನು. ಇಷ್ಟು ಜರಡಿ ಹಿಡಿದ ಮೇಲೆ ಉಳಿದ ಅಂಕಿಯನ್ನು ನಾವು ಸಭೆಗಳಲ್ಲಿ ವೇದವಾಕ್ಯದಂತೆ ಹೇಳುತ್ತೇವೆ.

ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು 2001ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ. 2011ರಲ್ಲಿ ಸುಮಾರು ಹತ್ತು ಲಕ್ಷ. ಇದನ್ನು ಕೇಳಿ ನಮ್ಮ ಹಿರಿಯರೊಬ್ಬರು ವೇದಿಕೆಯ ಮೇಲೆ ಕಣ್ಣೀರು ತಂದುಕೊಂಡರು. ಅವರ ದುಃಖವನ್ನು ನಾವು ಗೌರವಿಸುತ್ತೇವೆ. ಆದರೆ ಆ ಎರಡೂವರೆ ಲಕ್ಷ ಮಂದಿ ಊರಿಗೆ ಹಿಂತಿರುಗಿದರೋ, ತೀರಿಹೋದರೋ, ಅಥವಾ ಅದೇ ಖೋಲಿಯಲ್ಲಿ ಅದೇ ಮಂಚದ ಮೇಲೆ ಕುಳಿತು ಈ ಸಲ ‘ತುಳು’, ‘ಕೊಂಕಣಿ’, ‘ಮರಾಠಿ’ ಎಂದು ಬರೆಸಿದರೋ? ಆ ಅಂಕಿ ಇದನ್ನು ಹೇಳುವುದಿಲ್ಲ. ಮನುಷ್ಯ ಕಡಿಮೆಯಾದದ್ದಕ್ಕೂ ಉತ್ತರ ಬದಲಾದದ್ದಕ್ಕೂ ಅದಕ್ಕೆ ಭೇದ ತಿಳಿಯದು.

ಇದು ಬರಿಯ ಲೆಕ್ಕದ ಸಡಿಲವೆಂದು ಬಿಡೋಣವೆಂದರೆ ಅದರ ಮೇಲೆ ರಾಜ್ಯಗಳ ಗಡಿಯೇ ನಿಂತಿದೆ. 1955ರಲ್ಲಿ ವರದಿ ಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗವು ಒಂದು ಪ್ರದೇಶದ ಜನರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಒಂದು ಭಾಷೆ ಆಡಿದರೆ ಅದನ್ನು ಏಕಭಾಷಾ ಪ್ರದೇಶವೆಂದು ತಿಳಿಯಬಹುದೆಂದಿತು. ಕಾಸರಗೋಡಿನ ಜಗಳದಲ್ಲಿ ದೊಡ್ಡ ಗಂಟು ಯಾವುದಾಗಿತ್ತು? ತುಳು ಮನೆಮಾತಿನವರನ್ನು ಯಾವ ಕಡೆಗೆ ಎಣಿಸಬೇಕು ಎಂಬುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕನ್ನಡ ನಾಡಿಗೆ ಸೇರಬೇಕೆಂದು ಬಾಳಿನುದ್ದಕ್ಕೂ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಜನಗಣತಿಯ ಅಂಕಣದಲ್ಲಿ ಅವರು ಕನ್ನಡಿಗರಲ್ಲ! ಅಷ್ಟೇ ಏಕೆ, ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ಇಲ್ಲೇ ನಮ್ಮ ಕಲ್ಯಾಣದಾಚೆ ನೇರಳದ ಮೇಲಿನ ಮಾಥೇರಾನಿನಲ್ಲಿ. ಮಾತೃಭಾಷೆಯ ಗೋಲಿನಿಂದ ಕನ್ನಡತನವನ್ನು ಅಳೆದರೆ ಎಂಟರಲ್ಲಿ ಮೂವರನ್ನು ಸಾಲಿನಿಂದ ಎಬ್ಬಿಸಿ ಕಳಿಸಬೇಕಾಗುತ್ತದೆ.

ಭಾಷೆಯ ಗೋಲು ಮೊಂಡಾಯಿತು. ಹಾಗಾದರೆ ‘ನೀವು ಯಾರು’ ಎಂದು ನೇರವಾಗಿಯೇ ಕೇಳಿದರೆ? ಶಾಸ್ತ್ರಜ್ಞರು ಅದನ್ನೂ ಮಾಡಿದ್ದಾರೆ.

ಅವರ ಪ್ರಶ್ನೆಗಳಲ್ಲಿ ಬಹು ಪ್ರಸಿದ್ಧವಾದದ್ದು ಐದು ಮೆಟ್ಟಿಲಿನದು. ಸ್ಪೇನ್ ದೇಶದ ಹುವಾನ್ ಲಿನ್ಸ್ ಎಂಬ ವಿದ್ವಾಂಸರು ಅದರ ಮೂಲಪುರುಷರು. ಅವರ ದೇಶದಲ್ಲಿ ಕ್ಯಾಟಲನ್, ಬಾಸ್ಕ್ ಮೊದಲಾದ ಬೇರೆ ನುಡಿಯ ಜನರಿದ್ದು, ಅವರು ತಮ್ಮನ್ನು ಸ್ಪೇನಿನವರೆಂದುಕೊಳ್ಳುತ್ತಾರೋ ಇಲ್ಲವೋ ಎಂಬುದು ದೊಡ್ಡ ತಲೆನೋವಾಗಿತ್ತು. ಲೂಯಿಸ್ ಮೊರೆನೊ ಎಂಬವರು 1986ರಲ್ಲಿ ಎಡಿನ್‌ಬರೋದಲ್ಲಿ ಸಲ್ಲಿಸಿದ ಪ್ರಬಂಧಕ್ಕಾಗಿ ಅದನ್ನೇ ಸ್ಕಾಟ್ಲೆಂಡಿನ ಜನರಿಗೆ ಕೇಳಿದರು. ನೀವು ಬರಿಯ ಸ್ಕಾಟರೋ, ಬ್ರಿಟಿಷರಿಗಿಂತ ಹೆಚ್ಚು ಸ್ಕಾಟರೋ, ಎರಡೂ ಸಮಸಮವೋ, ಸ್ಕಾಟರಿಗಿಂತ ಹೆಚ್ಚು ಬ್ರಿಟಿಷರೋ, ಬರಿಯ ಬ್ರಿಟಿಷರೋ? ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಸ್ಕಾಟರ ಜಾಗದಲ್ಲಿ ತಮಿಳರನ್ನೋ ಬಂಗಾಳಿಗಳನ್ನೋ, ಬ್ರಿಟಿಷರ ಜಾಗದಲ್ಲಿ ಭಾರತೀಯರನ್ನೋ ಇಟ್ಟು ನಮ್ಮ ದೇಶದಲ್ಲಿಯೂ ಇದನ್ನು ಕೇಳಿದ್ದಾರೆ. ಲಿನ್ಸ್, ಆಲ್ಫ್ರೆಡ್ ಸ್ಟೆಪನ್ ಮತ್ತು ನಮ್ಮವರೇ ಆದ ಯೋಗೇಂದ್ರ ಯಾದವ್ ಸೇರಿ 2011ರಲ್ಲಿ ಹೊರತಂದ ‘ಕ್ರಾಫ್ಟಿಂಗ್ ಸ್ಟೇಟ್-ನೇಷನ್ಸ್’ ಎಂಬ ಗ್ರಂಥದ ವಾದಕ್ಕೆ ಇಂಥ ಸಮೀಕ್ಷೆಗಳೇ ಆಧಾರ.

ಈ ಗ್ರಂಥದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಒಂದು ದೇಶ ಗಟ್ಟಿಯಾಗಬೇಕಾದರೆ ಅದರೊಳಗೆ ಒಂದೇ ನುಡಿ, ಒಂದೇ ಸಂಸ್ಕೃತಿ ಇರಬೇಕೆಂದು ಫ್ರಾನ್ಸನ್ನು ನೋಡಿ ಕಲಿತವರು ಬಹಳ ಕಾಲ ಪಾಠ ಹೇಳುತ್ತಿದ್ದರು. ಹಾಗೇನೂ ಇಲ್ಲ, ಜನ ತಮ್ಮ ನಾಡುನುಡಿಯ ಅಭಿಮಾನವನ್ನು ಬಿಡದೆಯೇ ದೇಶದ ಮೇಲೆ, ಅದರ ಸಂಸ್ಥೆಗಳ ಮೇಲೆ ಪೂರ್ಣ ವಿಶ್ವಾಸ ಇಡಬಲ್ಲರು, ಭಾರತವೇ ಅದಕ್ಕೆ ಸಾಕ್ಷಿ ಎಂದು ಈ ಮೂವರು ತೋರಿಸಿದರು. ಐದು ಮೆಟ್ಟಿಲಲ್ಲಿ ನಡುವಿನ ‘ಸಮಸಮ’ವೆಂಬ ಮೆಟ್ಟಿಲನ್ನು ಇಟ್ಟದ್ದೇ ಒಂದು ಔದಾರ್ಯ. ‘ಇದೋ ಅದೋ ಹೇಳು’ ಎಂದು ಕುತ್ತಿಗೆಪಟ್ಟಿ ಹಿಡಿಯುವ ಪ್ರಶ್ನೆಗಳಿಗಿಂತ ಇದು ಸಾವಿರ ಪಾಲು ಮೇಲು.

ಆದರೂ ನಾವು ಆ ಏಣಿಯನ್ನು ಮನೆಗೆ ತಂದು ಗೋಡೆಗೆ ಆನಿಸಿ ಹತ್ತಲು ನೋಡಿದೆವು. ಕಾಲಿಡಲು ಜಾಗ ಸಿಗಲಿಲ್ಲ.

ಕಾರಣ ಇದು. ಆ ಪ್ರಶ್ನೆಯಲ್ಲಿ ಖಾಲಿ ಜಾಗ ಒಂದೇ. ದೇಶವೊಂದು, ಅದರೊಳಗಿನ ನಾಡೊಂದು. ಪ್ರಶ್ನೆ ಕೇಳುವವನು ಡೊಂಬಿವಲಿಯಲ್ಲಿ ನಿಂತು ಆ ಖಾಲಿ ಜಾಗದಲ್ಲಿ ಯಾವ ಹೆಸರು ತುಂಬಬೇಕು? ರಾಜ್ಯದ ಹೆಸರು ತುಂಬಿದರೆ ‘ಮಹಾರಾಷ್ಟ್ರೀಯ’. ನಮ್ಮ ರೇಷನ್ ಕಾರ್ಡು, ಮತ, ತೆರಿಗೆ, ಮಕ್ಕಳ ಡೊಮಿಸೈಲ್ ಸರ್ಟಿಫಿಕೇಟು ಎಲ್ಲವೂ ಇಲ್ಲಿಯವೇ ಆದ್ದರಿಂದ ಅದು ಸುಳ್ಳಲ್ಲ. ನುಡಿಯ ಹೆಸರು ತುಂಬಿದರೆ ‘ಕನ್ನಡಿಗ’. ಅದೂ ಸುಳ್ಳಲ್ಲ. ಎರಡನ್ನೂ ತುಂಬಲು ಜಾಗವಿಲ್ಲ.

ನಮ್ಮ ಸಂಘದ ರಾಜ್ಯೋತ್ಸವದ ಸಭೆಯಲ್ಲಿ ಮೊದಲ ಸಾಲಿನ ಮೂರು ಕುರ್ಚಿಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದು ಈಗ ಥಾಣೆಯಲ್ಲಿ ಸ್ವಂತ ಮನೆ ಮಾಡಿದವರು. ಮನೆಮಾತು ತುಳು. ಇನ್ನೊಂದರಲ್ಲಿ ಅಕ್ಕಲಕೋಟೆಯವರು, ಕಲ್ಯಾಣದಲ್ಲಿ ಬಿಡಾರ. ಮನೆಮಾತು ಅಚ್ಚ ಕನ್ನಡ. ಅವರು ರಾಜ್ಯ ದಾಟಿ ಬಂದವರೇ ಅಲ್ಲ. ಹುಟ್ಟಿದ್ದೂ ಮಹಾರಾಷ್ಟ್ರ, ಇರುವುದೂ ಮಹಾರಾಷ್ಟ್ರ. ‘ಊರಿಗೆ ಹೋಗುತ್ತೇನೆ’ ಎಂದರೆ ಅವರು ಹೋಗುವುದು ಸೋಲಾಪುರ ಜಿಲ್ಲೆಗೆ. ಮೂರನೆಯದರಲ್ಲಿ ಬೆಳಗಾವಿಯ ತವರಿನ ಬಾಯಿಯವರು, ನವಿಮುಂಬಯಿಯ ನೆರೂಳಿನಲ್ಲಿ ವಾಸ. ಮನೆಮಾತು ಮರಾಠಿ, ಓದಿದ್ದು ಎರಡೂ ಭಾಷೆ. ಕನ್ನಡ ನಾಟಕವೆಂದರೆ ಪ್ರಾಣ. ರಾಜ್ಯದ ಲೆಕ್ಕಕ್ಕೆ ಮೂವರಲ್ಲಿ ಇಬ್ಬರು ಕರ್ನಾಟಕದವರು. ನುಡಿಯ ಲೆಕ್ಕಕ್ಕೆ ಮೂವರಲ್ಲಿ ಒಬ್ಬರೇ ಕನ್ನಡಿಗರು, ಅವರೂ ಕರ್ನಾಟಕದವರಲ್ಲ. ಧ್ವಜವಂದನೆಗೆ ಎದ್ದು ನಿಂತಾಗ ಮೂವರೂ ಒಂದೇ. ಐದು ಮೆಟ್ಟಿಲಿನ ಏಣಿಯು ಇವರಲ್ಲಿ ಯಾರನ್ನು ಎಲ್ಲಿ ನಿಲ್ಲಿಸುತ್ತದೆ?

ಏಣಿಯ ಎರಡನೆಯ ದೋಷ ಇನ್ನೂ ಆಳದ್ದು. ಏಣಿ ಎಂದಮೇಲೆ ಒಂದು ಕಡೆ ಏರಿದರೆ ಇನ್ನೊಂದು ಕಡೆಯಿಂದ ದೂರವಾಗಲೇ ಬೇಕು. ನಾಡಿನ ಅಭಿಮಾನ ಒಂದು ಪಾವು ಹೆಚ್ಚಾದರೆ ದೇಶದ ಅಭಿಮಾನ ಒಂದು ಪಾವು ಕಡಿಮೆ ಎಂಬ ತಕ್ಕಡಿಯ ನ್ಯಾಯ ಅದರಲ್ಲಿ ಅಡಗಿದೆ. ಎರಡೂ ಅಭಿಮಾನ ಉಕ್ಕುವವನೂ, ಎರಡರ ಗೊಡವೆಯೂ ಬೇಡವೆಂದು ಗಾಡಿಯಲ್ಲಿ ಇಸ್ಪೀಟು ಆಡುವವನೂ ಗುರುತು ಹಾಕುವುದು ಅದೇ ನಡುವಿನ ‘ಸಮಸಮ’ಕ್ಕೆ. ಒಬ್ಬನು ತುಂಬಿದ ಕೊಡ, ಇನ್ನೊಬ್ಬನು ಬರಿದು ಕೊಡ. ತಕ್ಕಡಿಯ ಮುಳ್ಳು ಮಾತ್ರ ಇಬ್ಬರಿಗೂ ನಡುವೆಯೇ ನಿಂತಿರುತ್ತದೆ. ಆ ಗ್ರಂಥಕರ್ತರು ಇದನ್ನು ಅರಿಯದವರಲ್ಲ. ಅದಕ್ಕೆಂದೇ ಸಂಸ್ಥೆಗಳ ಮೇಲಿನ ವಿಶ್ವಾಸವನ್ನು, ದೇಶದ ಹೆಮ್ಮೆಯನ್ನು ಬೇರೆ ಪ್ರಶ್ನೆಗಳಿಂದ ಕೇಳಿದ್ದಾರೆ. ಆದರೆ ಪತ್ರಿಕೆಗಳಿಗೆ, ಭಾಷಣಕಾರರಿಗೆ ತಲುಪುವುದು ಏಣಿಯ ಲೆಕ್ಕ ಒಂದೇ.

‘ಮೊದಲು’ ಎಂಬ ಶಬ್ದದ ಕಥೆ ಇನ್ನೂ ಹಳೆಯದು, ಅದು ನಮ್ಮ ಮನೆಯದೇ ಕಥೆ. 1938ರ ಏಪ್ರಿಲಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತದ ಪ್ರಶ್ನೆ ಚರ್ಚೆಗೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಆ ಚರ್ಚೆಯಲ್ಲಿ ಡಾ. ಅಂಬೇಡ್ಕರರು ಎದ್ದು ನಿಂತು, ಕನ್ನಡ ಸಂಸ್ಕೃತಿ, ಗುಜರಾತಿ ಸಂಸ್ಕೃತಿ ಎಂದು ಬೇರೆ ಬೇರೆ ನಿಷ್ಠೆಗಳನ್ನು ಬೆಳೆಸುವುದಕ್ಕೆ ತಮ್ಮ ಒಪ್ಪಿಗೆಯಿಲ್ಲವೆಂದೂ ಜನರು ಮೊದಲೂ ಭಾರತೀಯರು, ಕೊನೆಗೂ ಭಾರತೀಯರು, ನಡುವೆ ಬೇರೇನೂ ಆಗಬಾರದೆಂದೂ ಆಶಿಸಿದರು. ಇಂದು ಗೋಡೆಗಳ ಮೇಲೆ, ಭಾಷಣಗಳಲ್ಲಿ ಸಂದರ್ಭವಿಲ್ಲದೆ ತೂಗಾಡುವ ಆ ಮಾತು ಹುಟ್ಟಿದ್ದು ಕರ್ನಾಟಕದ ಚರ್ಚೆಯಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮಹಾಪುರುಷರ ಮಾತಿಗೆ ನಾವು ತಲೆಬಾಗುತ್ತೇವೆ. ಊರ ಬಾವಿಯ ನೀರನ್ನೂ ಕೊಡದ ಸಮಾಜವನ್ನು ಕಂಡುಂಡವರಿಗೆ, ಎಲ್ಲ ಚಿಕ್ಕ ನಿಷ್ಠೆಗಳನ್ನೂ ಮೀರಿದ ಒಂದು ದೊಡ್ಡ ಪೌರತ್ವ ಬೇಕೆನಿಸಿದ್ದರಲ್ಲಿ ಆಶ್ಚರ್ಯವೇನು? ಅವರೇ 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದಾಗ, ಒಂದು ರಾಜ್ಯಕ್ಕೆ ಒಂದು ಭಾಷೆ ಇರುವುದು ಒಳ್ಳೆಯದೆಂದು ಒಪ್ಪಿ, ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂಬ ನಿಯಮ ಮಾತ್ರ ಬೇಡವೆಂದರು. ಆದರೆ ಅವರದು ಆದರ್ಶ, ಜನ ಹೀಗಾಗಲಿ ಎಂಬ ಹಾರೈಕೆ. ಸಮೀಕ್ಷೆಯವನದು ಅಳತೆ. ಹಾರೈಕೆಯನ್ನು ಅಳತೆಗೋಲು ಮಾಡಿಕೊಂಡು ಜನರ ಮುಂದೆ ಹಿಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ, ಪರೀಕ್ಷೆಯಾಗುತ್ತದೆ. ಪರೀಕ್ಷೆಯಲ್ಲಿ ಯಾರೂ ಮನಸ್ಸಿನಲ್ಲಿದ್ದದ್ದನ್ನು ಬರೆಯುವುದಿಲ್ಲ, ಗುಣ ಸಿಗುವುದನ್ನು ಬರೆಯುತ್ತಾರೆ.

ಅಲ್ಲದೆ ಉತ್ತರವು ಕೇಳುವವರನ್ನು ಅವಲಂಬಿಸಿರುತ್ತದೆ. ಇದಕ್ಕೆ ಪಂಡಿತರ ಸಾಕ್ಷಿ ಬೇಕಾಗಿಲ್ಲ. ಡೊಂಬಿವಲಿ ಸ್ಟೇಶನ್ನಿನ ಪೂಲಿನ ಮೇಲೆ ಇಬ್ಬರು ಕನ್ನಡದವರು ಭೇಟಿಯಾದರೆ ಮೊದಲ ಪ್ರಶ್ನೆ ‘ನಿಮ್ಮ ಊರು ಯಾವುದು?’ ಮರಾಠಿಯವರು ಕೇಳಿದರೆ ನಾವು ‘ಕರ್ನಾಟಕ’ ಎನ್ನುತ್ತೇವೆ. ಬೆಂಗಳೂರಿನವರು ಕೇಳಿದರೆ ‘ದಕ್ಷಿಣ ಕನ್ನಡ’. ಮಂಗಳೂರಿನವರು ಕೇಳಿದರೆ ‘ಉಡುಪಿ’. ಉಡುಪಿಯವರೇ ಕೇಳಿದರೆ ಗ್ರಾಮದ ಹೆಸರು, ಗ್ರಾಮದವರೇ ಆದರೆ ಮನೆಯ ಹೆಸರು. ದಿಲ್ಲಿಯಲ್ಲಿ ಕೇಳಿದರೆ ‘ಬೊಂಬಾಯಿ’. ತಮಾಷೆಯೆಂದರೆ, ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯವರಿಗೂ ನಾವು ‘ಬೊಂಬಾಯಿಯವರು’. ಮುಂಬಯಿಯ ಒಳಗಿನವರಿಗೆ ಮಾತ್ರ ನಾವು ‘ಡೊಂಬಿವಲಿ, ಕಲ್ಯಾಣದ ಕಡೆಯವರು’, ಅಂದರೆ ಮುಂಬಯಿಯವರೇ ಅಲ್ಲ! ಇಷ್ಟರಲ್ಲಿ ಯಾವ ಉತ್ತರವೂ ಸುಳ್ಳಲ್ಲ, ಯಾವುದೂ ‘ಮೊದಲಿನ’ದಲ್ಲ.

ಈ ವಿಷಯದಲ್ಲಿ ಆಧುನಿಕ ಶಾಸ್ತ್ರಕ್ಕೆ ತಳಪಾಯ ಹಾಕಿದವರು ಹೆನ್ರಿ ತಾಜ್‌ಫೆಲ್. ಹುಟ್ಟಿನಿಂದ ಪೋಲೆಂಡಿನ ಯಹೂದಿ, ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರ ಕೈಗೆ ಸೆರೆಸಿಕ್ಕರು. ಯಹೂದಿಯೆಂಬುದನ್ನು ಅವರು ಮರೆಸಲಿಲ್ಲ. ಆದರೆ ಪೋಲೆಂಡಿನವರೆಂಬುದನ್ನು ಮರೆಸಿ, ಫ್ರೆಂಚ್ ಪ್ರಜೆಯೆಂದೇ ನಡೆದುಕೊಂಡು ಬದುಕಿ ಉಳಿದರು. ಪೋಲೆಂಡಿನ ಯಹೂದಿಯೆಂದು ತಿಳಿದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲವೆಂದು ಅವರು ಬಲ್ಲರು. ಯುದ್ಧ ಮುಗಿದಾಗ ಅವರ ಬಂಧುಬಳಗದಲ್ಲಿ ಹೆಚ್ಚು ಕಡಿಮೆ ಯಾರೂ ಉಳಿದಿರಲಿಲ್ಲ. ಅಂಥವರು ಮುಂದೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಶಾಲಾಹುಡುಗರ ಮೇಲೆ ಪ್ರಯೋಗ ನಡೆಸಿ 1971ರಲ್ಲಿ ಪ್ರಕಟಿಸಿದರು. ನೀನು ಈ ಚಿತ್ರಕಾರನನ್ನು ಮೆಚ್ಚುವ ಗುಂಪು, ನೀನು ಆ ಚಿತ್ರಕಾರನ ಗುಂಪು ಎಂದು ಹುಡುಗರನ್ನು ವಿಂಗಡಿಸಿದರೆ ಸಾಕು, ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅವರು ಹಂಚಿಕೆಯಲ್ಲಿ ತಮ್ಮ ಗುಂಪಿನವನಿಗೆ ಹೆಚ್ಚು ಕೊಡತೊಡಗುತ್ತಾರೆ. ಗುಂಪಿನ ಭಾವನೆ ರಕ್ತದಲ್ಲಿ ಬರುವುದಲ್ಲ, ಹಣೆಗೆ ಚೀಟಿ ಅಂಟಿಸಿದರೂ ಹುಟ್ಟಬಲ್ಲದು ಎಂದಾಯಿತು. ಪ್ರಶ್ನಾವಳಿಯೂ ಅಂಥ ಒಂದು ಚೀಟಿಯೇ. ಕೇಳುವ ಮೊದಲು ಮನಸ್ಸಿನಲ್ಲಿ ಸುಮ್ಮನೆ ಮಲಗಿದ್ದದ್ದು ಕೇಳಿದ ಮೇಲೆ ಎದ್ದು ಕೂರುತ್ತದೆ.

ಭಯದ ಮಾತು ಬಂತು. ಶಿವಸೇನೆ ಹುಟ್ಟಿದ್ದು 1966ರ ಜೂನಿನಲ್ಲಿ. ಆ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಿತ್ತು. 1969ರ ಫೆಬ್ರುವರಿಯಲ್ಲಿ ಗಡಿಯ ಪ್ರಶ್ನೆಯ ಮೇಲೆ ಮುಂಬಯಿಯಲ್ಲಿ ಗಲಭೆಗಳಾದುವು. ಆ ದಿನಗಳಲ್ಲಿ ಗಾಡಿಯಲ್ಲಿ ಕನ್ನಡ ಪತ್ರಿಕೆ ಬಿಡಿಸುತ್ತಿರಲಿಲ್ಲವೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅದೇ ವಾರ ಚಾಳಿನ ಎದುರು ಖೋಲಿಯ ಮರಾಠಿ ಆಜಿಯವರು ನಮ್ಮ ಮನೆಯ ಮಕ್ಕಳನ್ನು ತಮ್ಮಲ್ಲಿ ಮಲಗಿಸಿಕೊಂಡದ್ದನ್ನೂ ಹೇಳುತ್ತಿದ್ದರು. ಆ ವಾರ ಯಾರಾದರೂ ಪ್ರಶ್ನಾವಳಿ ಹಿಡಿದು ಬಂದು ‘ನೀವು ಮೊದಲು ಯಾರು’ ಎಂದು ಕೇಳಿದ್ದರೆ ತಂದೆಯವರು ಏನೆನ್ನುತ್ತಿದ್ದರು? ‘ಭಾರತೀಯ’ ಎಂದೇ ಅನ್ನುತ್ತಿದ್ದರು. ಸಮೀಕ್ಷಕನು ಅದನ್ನು ಗಾಢವಾದ ದೇಶಭಕ್ತಿಯೆಂದು ಬರೆದುಕೊಂಡು ಹೋಗುತ್ತಿದ್ದನು. ಕಾಲ ತಿಳಿಯಾಗಿ, ಹತ್ತು ವರ್ಷದ ಮೇಲೆ ಅವರೇ ‘ನಾವು ಕನ್ನಡದವರು’ ಎಂದರೆ ದೇಶಭಕ್ತಿ ಇಳಿದಿದೆ ಎಂದು ಬರೆಯುತ್ತಿದ್ದನೇ? ಇಳಿದದ್ದು ಭಯ ಮಾತ್ರ.

ಇತ್ತೀಚಿನ ಇನ್ನೊಂದು ಅಳತೆಯನ್ನು ಹೆಸರಿಸದಿದ್ದರೆ ಈ ವಿಮರ್ಶೆ ಅಪೂರ್ಣ. ಅಮೆರಿಕದ ಪ್ಯೂ ಸಂಸ್ಥೆಯವರು 2019ರ ನವೆಂಬರಿನಿಂದ 2020ರ ಮಾರ್ಚಿನವರೆಗೆ ನಮ್ಮ ದೇಶದ ಸುಮಾರು ಮೂವತ್ತು ಸಾವಿರ ವಯಸ್ಕರನ್ನು 17 ಭಾಷೆಗಳಲ್ಲಿ ಮಾತಾಡಿಸಿ, 2021ರಲ್ಲಿ ವರದಿ ಹೊರಡಿಸಿದರು. ಹದಿನೇಳು ಭಾಷೆಗಳಲ್ಲಿ ಕೇಳಿದರಲ್ಲ, ಅದಕ್ಕೆ ಶಹಭಾಸ್ ಅನ್ನಬೇಕು. ‘ನಿಜವಾದ ಭಾರತೀಯನಾಗಲು’ ಏನೇನು ಬಹಳ ಮುಖ್ಯ ಎಂದು ಅವರು ಕೇಳಿದಾಗ, ಹಿಂದೂಗಳಲ್ಲಿ ನೂರಕ್ಕೆ 59 ಮಂದಿ ಹಿಂದಿ ಮಾತಾಡುವುದು ಬಹಳ ಮುಖ್ಯವೆಂದರು. ದಕ್ಷಿಣದಲ್ಲಿ ಹಾಗೆಂದವರು ಉತ್ತರಕ್ಕಿಂತ ಬಹಳ ಕಡಿಮೆ. ಈ ಪ್ರಶ್ನೆಯು ಐದು ಮೆಟ್ಟಿಲಿನದಕ್ಕಿಂತ ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ. ನೀನು ಎಷ್ಟು ಭಾರತೀಯ ಎಂದು ಕೇಳದೆ, ಭಾರತೀಯತೆಯ ಬಾಗಿಲಲ್ಲಿ ನೀನು ಯಾವ ಬೀಗ ಹಾಕಿದ್ದೀ ಎಂದು ಕೇಳುತ್ತದೆ. ಇಬ್ಬರು ‘ನಾನು ಭಾರತೀಯ’ ಎಂದು ಒಂದೇ ದನಿಯಲ್ಲಿ ಹೇಳಿದರೂ, ಒಬ್ಬನ ಭಾರತದಲ್ಲಿ ಇನ್ನೊಬ್ಬನಿಗೆ ಜಾಗವಿಲ್ಲದಿರಬಹುದು ಎಂಬುದು ಈ ಪ್ರಶ್ನೆಯಿಂದ ಹೊರಬಿತ್ತು.

ಕಾಸ್ಟರ್ಮನ್ ಮತ್ತು ಫೆಶ್‌ಬಾಕ್ ಎಂಬಿಬ್ಬರು 1989ರಲ್ಲಿ ಇದಕ್ಕೆ ಹತ್ತಿರದ ಒಂದು ಭೇದವನ್ನು ಅಳತೆಯಿಂದ ತೋರಿಸಿದ್ದರು. ತನ್ನ ದೇಶವನ್ನು ಪ್ರೀತಿಸುವುದು ಒಂದು, ತನ್ನ ದೇಶ ಇತರ ದೇಶಗಳಿಗಿಂತ ಮೇಲು, ಅದರ ಮಾತೇ ನಡೆಯಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ‘ಅಭಿಮಾನ’ವೆಂಬ ಚೀಲದಲ್ಲಿ ತುಂಬಿ ತೂಗಬಾರದು. ಈ ಮಾತನ್ನು ಓದಿದಾಗ ನಮಗೆ ಅಮೆರಿಕ ನೆನಪಾಗಲಿಲ್ಲ, ನಮ್ಮ ರಾಜ್ಯೋತ್ಸವದ ವೇದಿಕೆ ನೆನಪಾಯಿತು.

ಅಲ್ಲಿಯೂ ಒಂದು ಅಳತೆಗೋಲು ಇದೆಯಲ್ಲವೇ? ‘ಕನ್ನಡ ಓದಲು ಬರೆಯಲು ಬಾರದ ಮಕ್ಕಳು ಎಂಥ ಕನ್ನಡಿಗರು’ ಎಂದು ವರ್ಷವರ್ಷವೂ ಯಾರಾದರೊಬ್ಬರು ಗುಡುಗುತ್ತಾರೆ. ನಾವೂ ಒಂದೆರಡು ಸಲ ಗುಡುಗಿದ್ದುಂಟು. ತಂದೆತಾಯಿಗಳು ತಲೆತಗ್ಗಿಸಿ ಕೂರುತ್ತಾರೆ. ಹಿಂದಿ ಬಾರದವನು ನಿಜವಾದ ಭಾರತೀಯನಲ್ಲ ಎಂದರೆ ನಮಗೆ ಸಿಟ್ಟು ಬರುತ್ತದೆ. ಕನ್ನಡ ಲಿಪಿ ಬಾರದವನು ನಿಜವಾದ ಕನ್ನಡಿಗನಲ್ಲ ಎಂದು ನಾವೇ ಹೇಳುವಾಗ ಚಪ್ಪಾಳೆ ಬೀಳುತ್ತದೆ. ಬೀಗ ಬೇರೆ, ಬಾಗಿಲು ಹಾಕುವ ಕೈ ಅದೇ.

ನಮ್ಮ ಮಗಳು ಡೊಂಬಿವಲಿಯಲ್ಲಿ ಹುಟ್ಟಿದವಳು. ಇಂಗ್ಲಿಷ್ ಶಾಲೆ, ಕೆಳಗೆ ಗೆಳತಿಯರೊಡನೆ ಮರಾಠಿ, ಅಜ್ಜಿಯೊಡನೆ ತುಳು, ಸಂಘದ ನಾಟಕದಲ್ಲಿ ಬಾಯಿಪಾಠ ಮಾಡಿದ ಕನ್ನಡ. ಕನ್ನಡದಲ್ಲಿ ಅವಳು ಓದಬಲ್ಲದ್ದು ಬಸ್ಸಿನ ಬೋರ್ಡು, ಅದೂ ನಿಂತ ಬಸ್ಸಿನದು. ಆದರೆ ಮಾರ್ಚಿಯಲ್ಲಿ ಊರ ಕೋಲಕ್ಕೆ ಹೋಗಲು ರಜೆ ಹಾಕುವವಳು ಅವಳೇ. ಬಯಲಾಟ ನೋಡುತ್ತ ಬೆಳಗು ಮಾಡುವವಳೂ, ಚಂಡೆಯ ಶಬ್ದ ಕೇಳಿದರೆ ನೆರೂಳಿನಿಂದ ಥಾಣೆಗೆ ಗಾಡಿ ಹಿಡಿದು ಬರುವವಳೂ ಅವಳೇ. ಈ ಲೇಖನವನ್ನು ಅವಳು ಓದಲಾರಳು. ಅವಳ ಕನ್ನಡತನ ಸೊನ್ನೆಯೆಂದು ಬರೆಯಲು ನಮ್ಮ ಕೈ ಬಾರದು. ನೂರೆಂದು ಬರೆಯಲೂ ಮನಸ್ಸು ಒಪ್ಪುವುದಿಲ್ಲ. ಲಿಪಿ ತಪ್ಪಿದರೆ ಮುಂದಿನ ತಲೆಮಾರಿಗೆ ಬಹಳಷ್ಟು ತಪ್ಪುತ್ತದೆಂಬ ಚಿಂತೆ ನಮಗೂ ಇದೆ. ಆದರೆ ಚಿಂತೆಯನ್ನು ಚಿಂತೆಯೆಂದೇ ಹೇಳೋಣ. ಅದನ್ನು ಅಳತೆಯ ವೇಷದಲ್ಲಿ ಮಗುವಿನ ಮುಂದೆ ಇಡುವುದು ಬೇಡ.

ಅಳೆಯಲೇ ಬಾರದೇ ಎಂದು ಕೇಳಬಹುದು. ಅಳೆಯಬೇಕು. ಅಂಕಿಯಿಲ್ಲದೆ ಭಾಷಾ ಅಲ್ಪಸಂಖ್ಯಾತರ ಶಾಲೆಯೂ ಇಲ್ಲ, ಸವಲತ್ತೂ ಇಲ್ಲ. ಮಹಾರಾಷ್ಟ್ರದಲ್ಲಿ ಶಾಲೆ ಬಿಟ್ಟ ದಾಖಲೆಯ ಮೇಲೆಯೇ ಮಾತೃಭಾಷೆಯ ಮನೆಯೊಂದಿದೆ. ಕಾಲೇಜಿನ ಅಲ್ಪಸಂಖ್ಯಾತ ಸೀಟಿಗೆ ಹೋದಾಗ ಮೊದಲು ನೋಡುವುದು ಅದನ್ನೇ. ಆದರೆ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಪ್ರಶ್ನೆ ತುರುಕುವುದು ಬೇಡ. ದೇಶದೊಡನೆ ನಂಟು ಎಷ್ಟು, ನುಡಿಯೊಡನೆ ಎಷ್ಟು, ಹುಟ್ಟೂರಿನೊಡನೆ ಎಷ್ಟು, ಇರುವ ಊರಿನೊಡನೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಲಿ. ಒಂದನ್ನು ಇನ್ನೊಂದರಿಂದ ಕಳೆಯದಿರಲಿ. ಈ ರೀತಿ ಕೇಳುವ ಪದ್ಧತಿ ಶಾಸ್ತ್ರದಲ್ಲಿ ಇಲ್ಲದಿಲ್ಲ. ದುಬಾರಿ, ಪ್ರಶ್ನಾವಳಿ ಉದ್ದವಾಗುತ್ತದೆ, ಅಷ್ಟೆ.

ಈಗ ಬಹುಕಾಲ ತಡವಾದ ಜನಗಣತಿ ಬಾಗಿಲಿಗೆ ಬಂದಿದೆ. 2021ರಲ್ಲಿ ಆಗಬೇಕಿದ್ದದ್ದಕ್ಕೆ 2025ರ ಜೂನಿನಲ್ಲಿ ಅಧಿಸೂಚನೆ ಹೊರಟು, ನಮ್ಮ ಕಡೆಗೆ 2027ರ ಮಾರ್ಚ್ 1 ಗಣನೆಯ ದಿನವೆಂದು ಗೊತ್ತಾಯಿತು. ಈ ಸಲ ಮನೆಯವರೇ ಕಂಪ್ಯೂಟರಿನಲ್ಲಿ ತುಂಬುವ ಅನುಕೂಲವೂ ಇದೆ. ಮಾತೃಭಾಷೆಯ ಪ್ರಶ್ನೆ ಎಂದಿನಂತೆ ಇರುವುದೆಂದೇ ಎಣಿಸಬೇಕು. ಆಗಲೇ ನಮ್ಮ ಕೆಲವು ಮಿತ್ರರು, ಸಂಘದ ಸದಸ್ಯರೆಲ್ಲರೂ ಮನೆಮಾತು ಯಾವುದೇ ಇರಲಿ ಕನ್ನಡವೆಂದೇ ಬರೆಯಿರಿ, ಹತ್ತು ಲಕ್ಷ ಮತ್ತೆ ಹನ್ನೆರಡಾಗಲಿ ಎಂದು ಹೇಳತೊಡಗಿದ್ದಾರೆ. ಪಂಜಾಬಿನಲ್ಲಿ 1951ರ ಗಣತಿಯ ಹೊತ್ತಿಗೆ ಇಂಥದೇ ಕರೆ ಹೊರಟು, ಪಂಜಾಬಿ ಆಡುವವರು ಹಿಂದಿಯೆಂದು ಬರೆಸಿ, ಕೊನೆಗೆ ಆ ಅಂಕಿಗಳು ನಂಬಲು ಅರ್ಹವಲ್ಲವೆಂದು ಭಾಷೆಗಳನ್ನು ಬೇರ್ಪಡಿಸದೆ ಒಟ್ಟಾಗಿಯೇ ಪ್ರಕಟಿಸಬೇಕಾಯಿತು. ಕನ್ನಡದ ಸಂಖ್ಯೆಗಾಗಿ ತುಳುವಿನ, ಕೊಂಕಣಿಯ, ಬ್ಯಾರಿಯ ಮನೆಗಳು ತಮ್ಮ ತಾಯಿಯ ಮಾತನ್ನು ಅಡಗಿಸಬೇಕೆಂದು ಕೇಳುವ ಹಕ್ಕು ನಮ್ಮ ಸಂಘಕ್ಕಿಲ್ಲ. ಮಿತ್ರರು ಇದಕ್ಕೆ ಮುನಿಸಿಕೊಳ್ಳಬಹುದು.

ಜನಗಣತಿಯ ಪತ್ರಿಕೆಯಲ್ಲಿ ಮಾತೃಭಾಷೆಯ ಪಕ್ಕದಲ್ಲಿ, ‘ಬಲ್ಲ ಇತರ ಭಾಷೆಗಳು’ ಎಂದು ಇನ್ನೂ ಎರಡು ಹೆಸರಿಗೆ ಜಾಗ ಇರುತ್ತಿತ್ತು. ಗಡಿಬಿಡಿಯಲ್ಲಿ ಅದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. 2011ರಲ್ಲಿ ನಮ್ಮ ಮನೆಯಲ್ಲಿಯೂ ಖಾಲಿಯೇ ಉಳಿಯಿತು. ಈ ಸಲ ಬಿಡಬೇಡಿ ಎಂದು ಮಾತ್ರ ಎಲ್ಲರಲ್ಲಿ ವಿನಂತಿ.

ನಮ್ಮ ತಾಯಿಯವರು ಈಗ ಇಲ್ಲ. ಮೊನ್ನೆ ಮಗಳು, ಈ ಸಲ ಕಂಪ್ಯೂಟರಿನಲ್ಲಿ ತಾನೇ ತುಂಬುತ್ತೇನೆ, ಅಪ್ಪನದಕ್ಕೆ ಏನು ಬರೆಯಲಿ ಎಂದು ಕೇಳಿದಳು. ತುಳು ಎಂದು ಬರೆ, ಮುಂದಿನ ಮನೆಯಲ್ಲಿ ಕನ್ನಡ, ಅದರ ಮುಂದೆ ಮರಾಠಿ ಎಂದೆವು. ‘ಹಾಗಾದರೆ ಅಜ್ಜಿ ಅವತ್ತು ತಪ್ಪು ಹೇಳಿದ್ದೇ?’ ಎಂದಳು. ಅಜ್ಜಿ ಹೇಳಿದ್ದು ಸರಿ, ಆ ಅಂಕಣದ ಪ್ರಶ್ನೆ ಅದಾಗಿರಲಿಲ್ಲ ಎಂದೆವು. ತನ್ನದಕ್ಕೆ ಏನು ಬರೆಯಬೇಕೆಂದು ಅವಳಿನ್ನೂ ಯೋಚಿಸುತ್ತಿದ್ದಾಳೆ.